ಕಾಗದಕ್ಕೆ ಕಾಗದ ಬರೆದ ಕಲಾವಿದೆ

ಅಂಚೆಯವನು ಬಾಗಿಲಿಗೆ ಬಂದನೆಂದರೆ ಮನೆಮಂದಿಗೆಲ್ಲ ಹರ್ಷ. ಉತ್ತರ ಬರೆಯುವ ಪ್ರಸಂಗ ಬಂದಾಗ ಮಾತ್ರ ಆ ಹರ್ಷ ಅರ್ಧಕ್ಕಿಳಿಯುತ್ತದೆ. ‘ನಾಳೆ ಬರೆದರಾಯಿತು’ ಎಂಬ ಸಮಾಧಾನ ತಲೆದೋರುತ್ತದೆ. ಒಂದೆರಡು ಕಾಗದಗಳಿಗೇ ಹೀಗಾದರೆ, ವರ್ಷಕ್ಕೆ ಸುಮಾರು 2000 ಕಾಗದಗಳು ಬರತೊಡಗಿದವರ ಪಾಡೇನು? ಫಿನ್ಲೆಂಡಿನ ಚಿತ್ರಕಲಾವಿದೆ ಹಾಗೂ ಲೇಖಕಿ ತೂವೆ ಯಾನ್ಸನ್ ಅವರ ಪಾಡು ಇದೇ ಆಗಿತ್ತು. ಬಂದ ಕಾಗದಗಳಿಗೆ ಅವರು ಸ್ವಹಸ್ತದಿಂದಲೇ ಉತ್ತರ ಬರೆಯುತ್ತಿದ್ದರು.

ತೂವೆ ಹುಟ್ಟಿದ್ದು 1914ರಲ್ಲಿ, ಹೆಲ್ಸಿಂಕಿ ನಗರದಲ್ಲಿ. ತಂದೆ ಶಿಲ್ಪಿ. ತಾಯಿ ಸಿಗ್ನೆ ಚಿತ್ರಕಾರಿಣಿ. ಫಿನ್ಲೆಂಡಿನ ನೂರಕ್ಕೂ ಹೆಚ್ಚು ಅಂಚೆಚೀಟಿಗಳ ವಿನ್ಯಾಸ ಆಕೆಯದು. ಮಗಳ ಕಾಗದದ ಮೇಲೆ ತಾಯಿಯ ಚಿತ್ರವೇ ಮುದ್ರೆಯಾಗಿ ಹೋಗುವ ಯೋಗ ಎಷ್ಟು ಮನೆಗಳಿಗುಂಟು!

1941ರಲ್ಲಿ ತೂವೆಯವರ ಪ್ರಿಯ ಗೆಳತಿ ಈವಾ ಕೋನಿಕೋಫ್ ಅಮೆರಿಕೆಗೆ ಹೊರಟುಹೋದರು. ಯುದ್ಧದ ಕಾಲ, ಕಾಗದಗಳನ್ನು ಸರ್ಕಾರದ ಪರಿಶೀಲಕರು ಒಡೆದು ನೋಡುತ್ತಿದ್ದ ದಿನಗಳು. ಆದರೂ ತೂವೆ ಬರೆದರು. ರಣರಂಗದಲ್ಲಿದ್ದ ತಮ್ಮನ ಚಿಂತೆ, ಕುಂಚ ಹಿಡಿಯಲು ಮನಸ್ಸೇಳದ ಬೇಸರ, 1944ರಲ್ಲಿ ದೊರೆತ ಎತ್ತರದ ಚಿತ್ರಶಾಲೆಯ ಸಂಭ್ರಮ—ಎಲ್ಲವೂ ಗೆಳತಿಯ ಪಾಲಿಗೆ ಮೀಸಲು. ಎದುರಿಗೆ ಕೂತು ಹೇಳಿಕೊಳ್ಳಲು ಜೀವವಿಲ್ಲದಾಗ ಕಾಗದವೇ ಆ ಜೀವವಾಗುತ್ತದೆ.

1945ರಲ್ಲಿ ಅವರ ಮೊದಲ ‘ಮೂಮಿನ್’ ಪುಸ್ತಕ ಹೊರಬಂದಿತು. 1954ರಿಂದ ಆ ದುಂಡುಮೂತಿಯ ಮುದ್ದು ಪ್ರಾಣಿಗಳು ಲಂಡನ್ನಿನ ‘ಈವ್ನಿಂಗ್ ನ್ಯೂಸ್’ ಪತ್ರಿಕೆಯಲ್ಲಿ ಚಿತ್ರಮಾಲೆಯಾಗಿ ಕಾಣಿಸಿಕೊಂಡು ನಾಡುನಾಡುಗಳಿಗೆ ಹಬ್ಬಿದವು. ಕೀರ್ತಿಯ ಹಿಂದೆಯೇ ಅಂಚೆಯ ಚೀಲವೂ ಬಂದಿತು. ಚಿತ್ರ ಬರೆದುಕೊಡಿರೆಂದು ಕೇಳುವ ಮಕ್ಕಳು, ತಮ್ಮ ದುಃಖವನ್ನು ತೋಡಿಕೊಳ್ಳುವ ಅಪರಿಚಿತರು, ತಮ್ಮ ಸರಕಿನ ಮೇಲೆ ಮೂಮಿನ್ ಚಿತ್ರ ಹಾಕಲು ಅನುಮತಿ ಬೇಡುವ ವ್ಯಾಪಾರಿಗಳು! ದಿನದಿನದ ಚಿತ್ರಮಾಲೆಯಿಂದ ದಣಿದ ತೂವೆ 1959ರಲ್ಲಿ ಅದನ್ನು ಬಿಟ್ಟರು. ತಮ್ಮ ಲಾರ್ಸ್ ಅದನ್ನು ಮುಂದುವರಿಸಿದರು. ಆದರೆ ತಮ್ಮನಿಗೆ ಒಪ್ಪಿಸಲಾಗದ ಕೆಲಸವೊಂದಿತ್ತು: ಮಗುವೊಂದು ತನಗೆಂದೇ ಬರೆದ ಕಾಗದಕ್ಕೆ ಉತ್ತರ.

1960ರ ದಶಕದಲ್ಲಿ ತೂವೆ ಮತ್ತು ಅವರ ಬಾಳಸಂಗಾತಿ, ಕಲಾವಿದೆ ತೂಲಿಕ್ಕಿ ಪಿಯೆತಿಲಾ, ಕ್ಲೂವ್‌ಹಾರು ಎಂಬ ಬಂಡೆದ್ವೀಪದಲ್ಲಿ ಒಂದೇ ಕೋಣೆಯ ಮನೆ ಕಟ್ಟಿಸಿದರು. ವಿದ್ಯುತ್ತಿಲ್ಲ, ನಲ್ಲಿಯಿಲ್ಲ, ಸುತ್ತಲೂ ಕಡಲು. ಸುಮಾರು ಮೂರು ದಶಕಗಳ ಬೇಸಗೆಗಳು ಅಲ್ಲಿಯೇ ಕಳೆದವು. ಏಕಾಂತವನ್ನು ಅಷ್ಟೊಂದು ಬಯಸಿದ ಜೀವವೇ ಸಾವಿರಾರು ಅಪರಿಚಿತರಿಗೆ ತನ್ನ ಹೊತ್ತನ್ನು ಹಂಚಿದುದು ವಿಶೇಷ. ಉತ್ತರಕ್ಕೆಂದು ಕುಳಿತ ಪ್ರತಿ ಗಳಿಗೆಯೂ ಕುಂಚದಿಂದ ಕಸಿದುಕೊಂಡ ಗಳಿಗೆಯೇ ತಾನೆ!

ಈ ತೊಳಲಾಟವೇ ಅವರ ಕಥೆಯೊಂದಕ್ಕೆ ವಸ್ತುವಾಯಿತು. 1987ರ ಸಂಕಲನವೊಂದರ ಆ ಕಥೆಯಲ್ಲಿ ಜಪಾನಿನ ಬಾಲಿಕೆಯೊಬ್ಬಳು ಲೇಖಕಿಗೆ ಬರೆದ ಕಾಗದಗಳು ಮಾತ್ರ ಉಂಟು, ಲೇಖಕಿಯ ಉತ್ತರಗಳಿಲ್ಲ. ದೂರದ ದ್ವೀಪಕ್ಕೆ ಬರಬೇಕೆಂಬ ಹಂಬಲ ಆ ಬಾಲೆಗೆ. ಲೇಖಕಿಯನ್ನು ಕಾಣಬೇಕಾದದ್ದು ಅವರ ಪುಸ್ತಕಗಳಲ್ಲಿ ಎಂಬುದನ್ನು ಅವಳು ಮೆಲ್ಲಮೆಲ್ಲನೆ ಅರಿತುಕೊಳ್ಳುತ್ತಾಳೆ.

ತೂವೆ 2001ರಲ್ಲಿ ತೀರಿಕೊಂಡರು. 2014ರಲ್ಲಿ, ಅವರ ಜನ್ಮಶತಮಾನದ ವರ್ಷ, ಆಪ್ತರಿಗೆ ಬರೆದ ಕಾಗದಗಳ ಸಂಪುಟ ಪ್ರಕಟವಾಯಿತು. ಮಕ್ಕಳಿಗೆ ಬರೆದ ಉತ್ತರಗಳಾದರೋ ಎಷ್ಟೋ ಊರುಗಳಿಗೆ ಚದುರಿಹೋದವು. ಬರೆದವರಿಗೆ ಅದೊಂದು ದಿನದ ಕೆಲಸ. ಪಡೆದ ಮಗುವಿಗೆ ಬಾಳಿನುದ್ದಕ್ಕೂ ಉಳಿಯುವ ಉಡುಗೊರೆ.