ಲಾಕಪ್‌ನಿಂದ ಬಿಡಿಸಿದರೆ ಗೇರ್‌ಬಾಕ್ಸ್ ಬದುಕುತ್ತದೆಯೇ?

ಲಾಕಪ್ ಎಂದ ಕೂಡಲೇ ನಮಗೆ ಪೊಲೀಸ್ ಠಾಣೆ ನೆನಪಾಗುತ್ತದೆ. ಹಳೆಯ ಆಟೊಮ್ಯಾಟಿಕ್ ಕಾರಿನ ಲಾಕಪ್ ಬೇರೆಯದೇ. ಆದರೂ ಅಮೆರಿಕದಲ್ಲಿ ಎಂಬತ್ತರ ದಶಕದ ಕಾರು ಇಟ್ಟುಕೊಂಡವರು ಅದರ ಬಗ್ಗೆ ಮಾತಾಡುವ ಧಾಟಿ ಮಾತ್ರ ಜಾಮೀನು ಕೊಡಿಸುವವರದ್ದು: ‘ಆ ವೈರ್ ಕಿತ್ತುಬಿಡಿ, ಗೇರ್‌ಬಾಕ್ಸ್ ನೆಮ್ಮದಿಯಾಗಿರುತ್ತೆ.’

ಈ ಸಲಹೆ ನನಗೂ ಸಿಕ್ಕಿತ್ತು. 1998ರಲ್ಲಿ ಕೆಲಸದ ಮೇಲೆ ಡೆಟ್ರಾಯ್ಟ್ ಹತ್ತಿರದ ಊರೊಂದರಲ್ಲಿದ್ದಾಗ ನಾನೂ ನನ್ನ ರೂಮ್‌ಮೇಟೂ ಸೇರಿ ಹನ್ನೊಂದು ವರ್ಷ ಹಳೆಯ ಸೆಡಾನ್ ಒಂದನ್ನು ಕೊಂಡಿದ್ದೆವು. ನಾಲ್ಕು ಗೇರಿನ ಆಟೊಮ್ಯಾಟಿಕ್. ಬೆಳಿಗ್ಗೆ ಹೊರಟ ಹತ್ತು ನಿಮಿಷ ಏನೂ ತೊಂದರೆಯಿಲ್ಲ. ಇಂಜಿನ್ ಬಿಸಿಯಾಗಿ ಹೈವೇಯಿಂದ ಇಳಿದು ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಗಕ್ಕನೆ ಆಫ್. ಕೀ ತಿರುಗಿಸಿದರೆ ತಕ್ಷಣ ಸ್ಟಾರ್ಟ್. ಸ್ಪಾರ್ಕ್ ಪ್ಲಗ್ ಬದಲಾಯಿಸಿದೆವು, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದೆವು, ಪ್ರಯೋಜನವಾಗಲಿಲ್ಲ. ರೂಮ್‌ಮೇಟ್ ಪುತ್ತೂರಿನವರು, ಊರಲ್ಲಿ ಜೀಪು ಓಡಿಸಿ ಪಳಗಿದ ಕೈ. ಒಂದು ದಿನ ಸ್ಟೀರಿಂಗ್ ಹಿಡಿದವರೇ ಹೇಳಿದರು: “ಇಂಜಿನಿಂದು ಎಂತದ್ದೂ ಇಲ್ಲ ಮಾರಾಯ್ರೇ. ಕ್ಲಚ್ ಒತ್ತದೆ ಬ್ರೇಕ್ ಹಾಕಿದ ಹಾಗೆ ಆಗ್ತದೆ.”

ಕ್ಲಚ್ ಪೆಡಲೇ ಇಲ್ಲದ ಕಾರಿನ ಬಗ್ಗೆ ಆಡಿದ ಈ ಮಾತು ಅಕ್ಷರಶಃ ನಿಜವಾಗಿತ್ತು.

ಆಟೊಮ್ಯಾಟಿಕ್ ಕಾರಿನಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಟಾರ್ಕ್ ಕನ್ವರ್ಟರ್, ಎಂದರೆ ಎಣ್ಣೆ ತುಂಬಿದ ದುಂಡನೆಯ ಡಬ್ಬ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗಿಗಾಗಿ, ಕಾರಿಗಲ್ಲ. ಬಕೆಟ್ ನೀರಿನಲ್ಲಿ ಕೈಯಾಡಿಸಿ ಸುಳಿ ಎಬ್ಬಿಸಿದರೆ ಅದರಲ್ಲಿ ತೇಲುವ ಚೊಂಬೂ ಸುತ್ತುತ್ತದೆ, ಆದರೆ ಕೈಯಷ್ಟು ವೇಗವಾಗಿ ಅಲ್ಲ. ಕನ್ವರ್ಟರ್‌ನೊಳಗೂ ಹಾಗೆಯೇ. ಇಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ಎಸೆಯುತ್ತವೆ, ಗೇರ್‌ಬಾಕ್ಸ್ ಕಡೆಯ ರೆಕ್ಕೆಗಳು ಅದರ ಹೊಡೆತಕ್ಕೆ ತಿರುಗುತ್ತವೆ. ಕಾರು ನಿಂತಾಗ ಇಂಜಿನ್ ತನ್ನ ಪಾಡಿಗೆ ತಿರುಗಬಲ್ಲದು. ಹೊರಡುವಾಗ ನಡುವಿನ ಸ್ಟೇಟರ್ ಎಣ್ಣೆಯ ದಿಕ್ಕನ್ನು ತಿರುಗಿಸಿ ಇಂಜಿನ್ನಿನ ತಿರುಚುಬಲವನ್ನು ಸುಮಾರು ಎರಡು ಪಟ್ಟು ಮಾಡಿಕೊಡುತ್ತದೆ. ಆದರೆ ಹೈವೇ ವೇಗಕ್ಕೆ ಬಂದ ಮೇಲೂ ಗೇರ್‌ಬಾಕ್ಸ್ ಕಡೆಯ ರೆಕ್ಕೆಗಳು ಹಿಂದೆ ಬೀಳುವುದು ಪೂರ್ತಿ ಹೋಗುವುದಿಲ್ಲ. ಅದನ್ನು ತಪ್ಪಿಸಲು ಡಬ್ಬದೊಳಗೇ ಒಂದು ಕ್ಲಚ್ ಪ್ಲೇಟ್ ಇಟ್ಟಿದ್ದಾರೆ. ವೇಗ ಹದಕ್ಕೆ ಬಂದಾಗ ಎಣ್ಣೆಯ ಒತ್ತಡ ಆ ಪ್ಲೇಟನ್ನು ಡಬ್ಬದ ಮುಂಗೋಡೆಗೆ ಒತ್ತುತ್ತದೆ, ಇಂಜಿನ್ನೂ ಗೇರ್‌ಬಾಕ್ಸೂ ಒಂದಾಗಿ ತಿರುಗುತ್ತವೆ. ಲಾಕಪ್ ಎಂದರೆ ಇಷ್ಟೇ. ಬ್ರೇಕ್ ಮುಟ್ಟಿದ ಕೂಡಲೇ ಅದು ಬಿಡಬೇಕು. ನಮ್ಮ ಕಾರಿನಲ್ಲಿ ಬಿಡುತ್ತಿರಲಿಲ್ಲ.

‘ಲಾಕಪ್ ಎಂದರೆ ಟಾಪ್ ಗೇರ್’

ಅಲ್ಲ. ಕ್ಲಚ್ ಹಿಡಿದಾಗ ಆರ್‌ಪಿಎಂ ಮುಳ್ಳು ಒಂದಿಷ್ಟು ಕೆಳಗಿಳಿಯುವುದರಿಂದ ಇನ್ನೊಂದು ಗೇರ್ ಬಿತ್ತು ಅನ್ನಿಸುತ್ತದೆ. ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಅಲುಗಿಸದೆ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಸ್ವಿಚ್ ಬೀಳುವಷ್ಟು ಮಾತ್ರ ಸವರಿ ನೋಡಿ. ಮುಳ್ಳು ಸ್ವಲ್ಪ ಮೇಲೇರಿ, ಕಾಲು ತೆಗೆದ ಮೇಲೆ ಮತ್ತೆ ಇಳಿದರೆ ಅದು ಲಾಕಪ್. ಗೇರ್ ಬದಲಾಗಿಲ್ಲ.

‘ಸರ್ಕಾರದ ಮೈಲೇಜ್ ಕಾನೂನಿಗಾಗಿ ತುರುಕಿದ್ದು, ತೆಗೆದರೆ ನಷ್ಟ ಪೆಟ್ರೋಲಿಗೆ ಮಾತ್ರ’

ಎಲ್ಲಕ್ಕಿಂತ ಹಾನಿ ಮಾಡಿದ ನಂಬಿಕೆ ಇದು. ಅರ್ಧ ನಿಜವಾದ್ದರಿಂದಲೇ ಇಷ್ಟು ಗಟ್ಟಿ. ತೈಲ ಬಿಕ್ಕಟ್ಟಿನ ನಂತರ ಅಮೆರಿಕ 1975ರಲ್ಲಿ ಇಂಧನ ಮಿತವ್ಯಯದ ಕಾನೂನು ತಂದಿತು. ಕಂಪನಿಯೊಂದರ ಕಾರುಗಳ ಸರಾಸರಿ ಮೈಲೇಜ್ 1978ಕ್ಕೆ ಗ್ಯಾಲನ್ನಿಗೆ 18 ಮೈಲಿ, 1985ಕ್ಕೆ 27.5 ಮೈಲಿ ಆಗಬೇಕೆಂಬ ಗುರಿ ಇಟ್ಟಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಏಳೂವರೆ ಕಿಲೋಮೀಟರಿನಿಂದ ಹನ್ನೊಂದೂವರೆಯ ಆಚೆಗೆ. ಕ್ರೈಸ್ಲರ್ 1978ರ ಮಾದರಿಗಳಲ್ಲಿ ಲಾಕಪ್ ತಂದಿತು, ಜನರಲ್ ಮೋಟರ್ಸ್ 1980ರ ಹೊತ್ತಿಗೆ ಹಿಂಬಾಲಿಸಿತು. ಇಷ್ಟು ನೋಡಿದರೆ ಲಾಕಪ್ ಕಾನೂನಿನ ಕೂಸೇ ಅನ್ನಿಸುತ್ತದೆ. ಆದರೆ ಪ್ಯಾಕರ್ಡ್ ಕಂಪನಿ ತನ್ನ ಅಲ್ಟ್ರಾಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಇಂಥದ್ದೇ ಕ್ಲಚ್ ಇಟ್ಟದ್ದು 1949ರಲ್ಲಿ. ಆಗ ಪೆಟ್ರೋಲಿಗೆ ಬರವೂ ಇರಲಿಲ್ಲ, ಮೈಲೇಜಿಗೆ ಕಾನೂನೂ ಇರಲಿಲ್ಲ.

ಇನ್ನು ‘ನಷ್ಟ ಪೆಟ್ರೋಲಿಗೆ ಮಾತ್ರ’ ಎಂಬ ಮಾತು. ಆ ಪೆಟ್ರೋಲ್ ಹೋಗುವುದೆಲ್ಲಿಗೆ? ಒಂದು ಲೆಕ್ಕ ಹಾಕೋಣ. ಸಮತಟ್ಟು ಹೈವೇಯಲ್ಲಿ ಇಂಜಿನ್ 20 ಕಿಲೋವ್ಯಾಟ್ ಕೊಡುತ್ತಿದೆ, 2000 ಆರ್‌ಪಿಎಂನಲ್ಲಿ ತಿರುಗುತ್ತಿದೆ ಎನ್ನಿ. ಗೇರ್‌ಬಾಕ್ಸ್ ಕಡೆ 1850 ಮಾತ್ರ. ಏಳೂವರೆ ಪರ್ಸೆಂಟ್ ಹಿಂದೆ ಬಿತ್ತು. ಅಂದರೆ 1.5 ಕಿಲೋವ್ಯಾಟ್ ಗಾಲಿ ಮುಟ್ಟದೆ ಎಣ್ಣೆಯಲ್ಲೇ ಶಾಖವಾಗುತ್ತದೆ. ಬಚ್ಚಲುಮನೆಯಲ್ಲಿ ಬಕೆಟ್ಟಿಗೆ ಇಳಿಬಿಡುತ್ತೇವಲ್ಲ, 1500 ವ್ಯಾಟಿನ ಹೀಟರ್ ರಾಡ್, ಅಂಥದ್ದೊಂದನ್ನು ಗೇರ್‌ಬಾಕ್ಸಿನ ಎಣ್ಣೆಗೆ ಹಾಕಿ ಗಂಟೆಗಟ್ಟಲೆ ಆನ್ ಇಟ್ಟಂತೆ. ಏರಿನಲ್ಲಿ ಇಂಜಿನ್ 45 ಕಿಲೋವ್ಯಾಟ್ ಕೊಟ್ಟು ಅದರಲ್ಲಿ ಹದಿನೈದು ಪರ್ಸೆಂಟ್ ಸೋರಿದರೆ ನಾಲ್ಕೂವರೆ ರಾಡ್. ರೇಡಿಯೇಟರ್ ಒಳಗಿನ ಸಣ್ಣ ಕೂಲರ್ ಒಂದು ರಾಡನ್ನು ಸಂಭಾಳಿಸುತ್ತದೆ, ನಾಲ್ಕು ಬಿದ್ದರೆ ಏದುಸಿರು ಬಿಡುತ್ತದೆ. ಗೇರ್‌ಬಾಕ್ಸ್ ರಿಪೇರಿ ಮಾಡುವವರು ಹೇಳುವ ಒಂದು ಅಂದಾಜಿದೆ: ಹದ ಮೀರಿದ ಮೇಲೆ ಪ್ರತಿ ಹನ್ನೊಂದು ಡಿಗ್ರಿ ಸೆಲ್ಸಿಯಸ್‌ಗೂ ಎಣ್ಣೆಯ ಆಯಸ್ಸು ಅರ್ಧವಾಗುತ್ತದೆ.

ಹಾಗಾದರೆ ಲಾಕಪ್ಪೇ ಇಲ್ಲದ ಹಳೆಯ ಗೇರ್‌ಬಾಕ್ಸುಗಳು ದಶಕಗಟ್ಟಲೆ ಬಾಳಿದ್ದು ಹೇಗೆ? ನ್ಯಾಯವಾದ ಪ್ರಶ್ನೆ. ಜನರಲ್ ಮೋಟರ್ಸ್‌ನ ಟಿಎಚ್-350, 1969ರಿಂದ ಕಾರುಗಳಲ್ಲಿ ಬಂದದ್ದು, ಮೂರೇ ಗೇರಿನದು, ಓವರ್‌ಡ್ರೈವ್ ಇಲ್ಲ. ಹೈವೇಯಲ್ಲಿ ಇಂಜಿನ್ ಜೋರಾಗಿ ತಿರುಗುತ್ತದೆ, ಕನ್ವರ್ಟರ್ ಮೇಲೆ ಬೀಳುವ ಭಾರ ಕಡಿಮೆ, ಜಾರುವುದೂ ಕಡಿಮೆ. 1982ರಲ್ಲಿ ಬಂದ 700ಆರ್4ನ ನಾಲ್ಕನೇ ಗೇರ್ ಓವರ್‌ಡ್ರೈವ್, ಅನುಪಾತ 0.70. ಇಂಜಿನ್ನನ್ನು ನಿಧಾನವಾಗಿ ತಿರುಗಿಸಿ ಪೆಟ್ರೋಲ್ ಉಳಿಸುವ ಗೇರ್ ಅದು. ಆದರೆ ನಿಧಾನವಾಗಿ ತಿರುಗುವ ಇಂಜಿನ್ ಅಷ್ಟೇ ಕೆಲಸ ಮಾಡಬೇಕಾದರೆ ಹೆಚ್ಚು ತಿರುಚುಬಲ ಹಾಕಬೇಕು, ಆ ಒತ್ತಡಕ್ಕೆ ಕನ್ವರ್ಟರ್ ಜಾಸ್ತಿ ಜಾರುತ್ತದೆ. ಲಾಕಪ್ ಹಿಡಿಯುತ್ತದೆ ಎಂದು ನಂಬಿಯೇ ಆ ಗೇರನ್ನು ಹಾಗೆ ಮಾಡಿದ್ದಾರೆ. 700ಆರ್4 ಬಿಚ್ಚಿ ಅರವತ್ತರ ದಶಕದ ಷೆವ್ರೊಲೆಗಳಿಗೆ ಕೂರಿಸುವ ಹವ್ಯಾಸಿಗಳಲ್ಲಿ ಲಾಕಪ್ ವೈರನ್ನು ಎಲ್ಲಿಗೂ ಜೋಡಿಸದೆ ಬಿಡುವವರಿದ್ದಾರೆ. ಅವರು ಎಣ್ಣೆ ಸುಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಆದ್ದರಿಂದ ಮೂರು ಗೇರಿನ ಕಾರು, ಊರೊಳಗಿನ ಓಡಾಟವೆಂದರೆ ಲಾಕಪ್ ವೈರಿನ ಪ್ಲಗ್ ಕಿತ್ತರೂ ದೊಡ್ಡ ಅನಾಹುತವಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ಕಾಲದ ಕಾರುಗಳಲ್ಲಿ ನಿಧಾನ ವೇಗಕ್ಕೆ ಲಾಕಪ್ ಹಿಡಿಯುತ್ತಲೂ ಇರಲಿಲ್ಲ. ಓವರ್‌ಡ್ರೈವ್ ಇದ್ದು, ಲಗೇಜು ತುಂಬಿ, ಘಾಟಿ ಹತ್ತುವವರ ಕಥೆ ಬೇರೆ.

ನಾವು ಆ ಎರಡನೆಯ ಗುಂಪಿನವರು. ಗೇರ್‌ಬಾಕ್ಸಿನ ಬದಿಯಲ್ಲಿದ್ದ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಗ್ಗನ್ನು ಕಿತ್ತು ಟೇಪು ಸುತ್ತಿದೆವು. ಸಿಗ್ನಲ್‌ನಲ್ಲಿ ಆಫ್ ಆಗುವುದು ಅವತ್ತಿಗೇ ನಿಂತಿತು. ಚಳಿಗಾಲವೆಲ್ಲ ಊರೊಳಗೆ ಓಡಿಸಿದೆವು, ಎಲ್ಲರಿಗೂ ಅದೇ ಸಲಹೆ ಕೊಟ್ಟೆವು. ಜೂನ್‌ನಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಟೆನೆಸ್ಸಿಯ ಸ್ಮೋಕಿ ಬೆಟ್ಟಗಳಿಗೆ. ಕೆಂಟಕಿ ದಾಟಿ ಜೆಲಿಕೊ ಏರು ಹತ್ತುವಾಗಲೂ ಲಿವರ್ ಓವರ್‌ಡ್ರೈವ್‌ನಲ್ಲೇ. ಅದನ್ನು ಒಂದು ಗೇರ್ ಕೆಳಗಿಳಿಸಿದ್ದರೆ ಶಾಖ ಎಷ್ಟೋ ಕಡಿಮೆಯಾಗುತ್ತಿತ್ತು. ಸಂಜೆ ಇಂಜಿನ್ ಆನ್ ಇಟ್ಟೇ ಡಿಪ್‌ಸ್ಟಿಕ್ ಎಳೆದು ಬಿಳಿ ಟಿಶ್ಯೂಗೆ ಒರೆಸಿದೆ. ದಾಸವಾಳದ ಕೆಂಪು ಇರಬೇಕಾದ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು, ತಳ ಹಿಡಿದ ಪಾತ್ರೆಯ ವಾಸನೆ.

‘ಪ್ಲಗ್ ಕಿತ್ತ ಮೇಲೆ ಸರಿಹೋಯಿತಲ್ಲ, ಅಂದರೆ ರಿಪೇರಿ ಆಯಿತು’

ಪ್ಲಗ್ ಕೀಳುವುದು ಪರೀಕ್ಷೆ. ಅದು ಒಳ್ಳೆಯ ಪರೀಕ್ಷೆಯೂ ಹೌದು. ವೈರಿನಲ್ಲಿ ಬರುವ ಕರೆಂಟು ಕ್ಲಚ್ಚನ್ನು ಹಿಡಿಸುವುದಿಲ್ಲ, ಸಾಲೆನಾಯ್ಡ್ ಎಂಬ ಪುಟ್ಟ ವಾಲ್ವಿನ ಮೂಲಕ ಎಣ್ಣೆಯ ದಾರಿಯನ್ನು ಬದಲಿಸುತ್ತದೆ. ಹಿಡಿಯುವುದು ಎಣ್ಣೆಯ ಒತ್ತಡ. ಪ್ಲಗ್ ಕಿತ್ತಾಗ ತೊಂದರೆ ನಿಂತರೆ ಸಾಲೆನಾಯ್ಡನ್ನೋ, ಅದಕ್ಕೆ ಕರೆಂಟು ಕಡಿಯಬೇಕಾದ ಬ್ರೇಕ್ ಸ್ವಿಚ್ಚನ್ನೋ ಅನುಮಾನಿಸಬೇಕು. ಕಿತ್ತರೂ ನಿಲ್ಲದಿದ್ದರೆ ಒಳಗೆಲ್ಲೋ ವಾಲ್ವ್ ಸಿಕ್ಕಿಕೊಂಡಿರಬಹುದು. ಇನ್ನೂ ಸುಲಭದ ಪರೀಕ್ಷೆ, ಸಿಗ್ನಲ್ ಹತ್ತಿರ ಬಂದಾಗ ಲಿವರನ್ನು ನ್ಯೂಟ್ರಲ್‌ಗೆ ತಳ್ಳುವುದು. ಹಾಗೆ ಮಾಡಿದಾಗ ಇಂಜಿನ್ ಆಫ್ ಆಗದಿದ್ದರೆ ತಪ್ಪು ಪೆಟ್ರೋಲಿನದಲ್ಲ. ಪ್ಲಗ್ ಕಿತ್ತು ಮನೆ ಸೇರಿಕೊಳ್ಳಬಹುದು, ಮೆಕ್ಯಾನಿಕ್ ಸಿಗುವ ತನಕ ನಾಲ್ಕು ದಿನ ದೂಡಬಹುದು. ನಾವು ಅದನ್ನು ಏಳು ತಿಂಗಳು ಎಳೆದೆವು.

ಹೈವೇಯಲ್ಲಿ ಹಗುರ ಆಕ್ಸಿಲರೇಟರಿನಲ್ಲಿ ಹೋಗುವಾಗ, ರಸ್ತೆಯ ಸಾಲು ಉಬ್ಬುಗಳ ಮೇಲೆ ಹೋದಂತೆ ಕಾರು ಗಡಗಡ ನಡುಗಿದರೆ ‘ಗೇರ್‌ಬಾಕ್ಸ್ ಹೋಯಿತು’ ಎಂದು ವೈರಿಗೆ ಕೈ ಹಾಕುವವರೂ ಇದ್ದಾರೆ. ಎಷ್ಟೋ ಸಲ ಅದು ಎಣ್ಣೆಯ ಗುಣ ಕೆಟ್ಟು ಕ್ಲಚ್ ಹಿಡಿದು ಬಿಟ್ಟು ಮಾಡುವ ನಡುಕ. ಕಂಪನಿ ಹೇಳಿದ ಎಣ್ಣೆ ಹಾಕಿದರೆ ನಿಲ್ಲುವುದುಂಟು. ಇನ್ನು ಕೆಲವು ಸಲ ಇಂಜಿನ್ನಿನ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿರುತ್ತದೆ. ಅದನ್ನು ಎಣ್ಣೆ ಮುಚ್ಚಿಡುತ್ತಿತ್ತು, ಲಾಕಪ್ ಬಯಲು ಮಾಡುತ್ತದೆ, ಬೈಗುಳ ಮಾತ್ರ ಲಾಕಪ್ಪಿಗೆ.

1996ರ ನಂತರದ ಅಮೆರಿಕದ ಕಾರುಗಳಲ್ಲಿ ಈ ಆಟ ನಡೆಯುವುದಿಲ್ಲ. ಕಂಪ್ಯೂಟರ್ ಎರಡೂ ಕಡೆಯ ವೇಗ ಹೋಲಿಸಿ ನೋಡುತ್ತಿರುತ್ತದೆ, ವೈರ್ ಕಿತ್ತರೆ ಪಿ0740, ಕ್ಲಚ್ ಹಿಡಿಯದಿದ್ದರೆ ಪಿ0741 ಎಂಬ ಕೋಡ್ ಬಿದ್ದು ದೀಪ ಹತ್ತುತ್ತದೆ. ನಮ್ಮೂರಿನಲ್ಲಿ 2014ರ ಸೆಲೆರಿಯೊದಿಂದ ಜನಪ್ರಿಯವಾದ ಎಎಂಟಿ ಕಾರುಗಳಿಗಂತೂ ಟಾರ್ಕ್ ಕನ್ವರ್ಟರೇ ಇಲ್ಲ. ಅದು ಮಾಮೂಲಿ ಗೇರ್‌ಬಾಕ್ಸ್, ಕ್ಲಚ್ ಒತ್ತುವುದು ಯಂತ್ರ. ಅಲ್ಲಿ ಬಿಡಿಸಲು ಲಾಕಪ್ಪೂ ಇಲ್ಲ, ಕೈದಿಯೂ ಇಲ್ಲ.

ನಮ್ಮ ಕಾರು ಸ್ಮೋಕಿಯಿಂದ ವಾಪಸು ಬಂತು. ಆಗಸ್ಟ್ ಹೊತ್ತಿಗೆ ಮೂರನೇ ಗೇರ್ ಹಿಡಿಯಲು ತಡವರಿಸತೊಡಗಿತು. ಗೇರ್‌ಬಾಕ್ಸ್ ಬಿಚ್ಚಿದ ಮುದುಕ ಕಪ್ಪಾದ ಕ್ಲಚ್ ಪ್ಲೇಟುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಕೊನೆಗೆ ಹೆಬ್ಬೆರಳಿಗಿಂತ ತುಸು ದಪ್ಪದ ಸಾಲೆನಾಯ್ಡನ್ನು ನನ್ನ ಅಂಗೈ ಮೇಲಿಟ್ಟ. ಹೊಸದಕ್ಕೆ ಮೂವತ್ತು ಡಾಲರ್ ಅಂದ. ಮಿಕ್ಕಿದ್ದರ ಬಿಲ್ಲು ನಾವು ಕಾರಿಗೆ ಕೊಟ್ಟದ್ದಕ್ಕಿಂತ ಜಾಸ್ತಿಯಾಗುತ್ತಿತ್ತು. ರೂಮ್‌ಮೇಟ್ ಸಾಲೆನಾಯ್ಡನ್ನು ತಿರುಗಿಸಿ ಮುರುಗಿಸಿ ನೋಡಿ, “ನಾನು ಕ್ಲಚ್ ಅಂತ ಆವತ್ತೇ ಹೇಳಿದ್ದೆ, ಅಲ್ವಾ?” ಎಂದರು.