‘ಕಾಲು ಹಿಡಿದುಕೊಂಡರೆ ಕ್ಯಾಲ್ಸಿಯಂ ಕಡಿಮೆ’: ಒಂದು ಪಾಠ, ಒಂದು ತಿದ್ದುಪಡಿ

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ಕುಮಾರ ಪಾರ್ಕಿನ ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆ. ಸುತ್ತಲಿನ ಮನೆಗಳಲ್ಲಿ ಅಡುಗೆ ಮಾಡುವವರು, ಆಟೋ ಓಡಿಸುವವರು, ಅಂಗಡಿಗಳಲ್ಲಿ ದುಡಿಯುವವರು ಇವರ ಮಕ್ಕಳೇ ಅಲ್ಲಿ ಹೆಚ್ಚು. ಒಂಬತ್ತನೆಯ ತರಗತಿಯ ‘ಅಂಗಾಂಶಗಳು’ ಘಟಕದಲ್ಲಿ ಸ್ನಾಯು ಅಂಗಾಂಶದ ಪಾಠ ನನ್ನ ಪಾಲಿಗೆ ಬಂತು. ಆ ಪಾಠದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಅದನ್ನು ತಿದ್ದಿಕೊಳ್ಳಲು ಕಲಿಯಬೇಕಾಗಿ ಬಂದ ವಿಷಯವನ್ನೂ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲ ಪಾಠ

ಪೀಠಿಕೆಗಾಗಿ ಮಕ್ಕಳ ಅನುಭವದಿಂದಲೇ ಆರಂಭಿಸಿದೆ. “ರಾತ್ರಿ ಮಲಗಿದ್ದಾಗ ಮೀನಖಂಡ ಹಿಡಿದುಕೊಂಡು ನೋವಾಗಿ ಎದ್ದವರು ಯಾರು?” ಎಂದು ಕೇಳಿದಾಗ ಅರ್ಧ ತರಗತಿ ಕೈ ಎತ್ತಿತು. “ನರ ಹಿಡ್ಕೊಳ್ಳುತ್ತೆ ಮಿಸ್” ಎಂದರು. ಹಿಡಿದುಕೊಳ್ಳುವುದು ನರವಲ್ಲ, ಸ್ನಾಯು ಎಂದು ತಿದ್ದಿದೆ. ಆಡುಮಾತಿನಲ್ಲಿ ರಕ್ತನಾಳವೂ ನರ, ಸ್ನಾಯುರಜ್ಜುವೂ ನರ. ಪಠ್ಯಪುಸ್ತಕದಲ್ಲಿ ನರ ಎಂದರೆ ಸಂಕೇತ ಸಾಗಿಸುವ ಅಂಗ ಮಾತ್ರ. ಇಲ್ಲಿಯವರೆಗೆ ಪಾಠ ಸರಿಯಾಗಿಯೇ ಇತ್ತು.

ಆಮೇಲೆ ಒಬ್ಬ ಹುಡುಗ “ಯಾಕೆ ಹಿಡ್ಕೊಳ್ಳುತ್ತೆ?” ಎಂದ. ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ಮನೆಯಲ್ಲಿ ಅಜ್ಜಿ ಹೇಳುತ್ತಿದ್ದದ್ದು ನೆನಪಾಗಿ ಕಪ್ಪುಹಲಗೆಯ ಮೇಲೆ ‘ಕ್ಯಾಲ್ಸಿಯಂ ಕೊರತೆ → ಸ್ನಾಯು ಸೆಳೆತ’ ಎಂದು ಬರೆದು, ಹಾಲು ಮತ್ತು ರಾಗಿಯ ಮಹತ್ವ ಹೇಳಿ ಮುಗಿಸಿದೆ. ಮಾರ್ಗದರ್ಶಕ ಶಿಕ್ಷಕಿ ವೀಕ್ಷಣಾ ಪುಸ್ತಕದಲ್ಲಿ ‘ವಿಷಯವನ್ನು ನಿತ್ಯಜೀವನಕ್ಕೆ ಜೋಡಿಸಲಾಗಿದೆ’ ಎಂದು ಬರೆದರು. ನನಗೆ ಸಂತೋಷವಾಯಿತು.

ಮೂರು ವಾರಗಳ ನಂತರ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಬಿಡುವಿನಲ್ಲಿ ಬಂದಳು. “ಮಿಸ್, ನಮ್ಮಮ್ಮಂಗೆ ದಿನಾ ರಾತ್ರಿ ಕಾಲು ಹಿಡ್ಕೊಳ್ಳುತ್ತೆ. ನೀವು ಹೇಳಿದ ಮೇಲೆ ಮೆಡಿಕಲ್ ಸ್ಟೋರಿಂದ ಕ್ಯಾಲ್ಸಿಯಂ ಮಾತ್ರೆ ತಂದುಕೊಟ್ಟೆ. ಏನೂ ಕಮ್ಮಿ ಆಗಿಲ್ಲ. ಈಗ ಮೆಟ್ಟಿಲು ಹತ್ತೋಕೂ ಆಗಲ್ಲ, ಕಾಲಲ್ಲಿ ಶಕ್ತಿನೇ ಇಲ್ಲ ಅಂತಾರೆ.” ಅವಳ ತಾಯಿ ಮೂರು ಮನೆಗಳಲ್ಲಿ ಅಡುಗೆ ಮಾಡುವವರು.

ನಾನು ಮಾರ್ಗದರ್ಶಕ ಶಿಕ್ಷಕಿಗೆ ತಿಳಿಸಿದೆ. ಅವರು ಆ ತಾಯಿಯನ್ನು ಕರೆಸಿ, ತಡಮಾಡದೆ ವೈದ್ಯರ ಬಳಿ ಹೋಗಲು ಹೇಳಿದರು. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಇತ್ತು, ಕಡಿಮೆಯಿದ್ದದ್ದು ಪೊಟ್ಯಾಸಿಯಂ. ಅವರು ರಕ್ತದೊತ್ತಡಕ್ಕೆ ತೆಗೆದುಕೊಳ್ಳುತ್ತಿದ್ದ ಮಾತ್ರೆ ಮೂತ್ರ ಹೆಚ್ಚಿಸುವ ಬಗೆಯದು. ಅದರಿಂದ ಪೊಟ್ಯಾಸಿಯಂ ಮೂತ್ರದಲ್ಲಿ ಹೊರಹೋಗುತ್ತಿತ್ತು. ವೈದ್ಯರು ಮಾತ್ರೆ ಬದಲಿಸಿದರು, ಪೊಟ್ಯಾಸಿಯಂ ಕೊಟ್ಟರು. ಈಗ ಅವರು ಚೆನ್ನಾಗಿದ್ದಾರೆ. ಈ ಸಂಗತಿಯನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಬಡಿತವೇ ತಪ್ಪಬಹುದು. ನಾನು ಹಲಗೆಯ ಮೇಲೆ ಎಳೆದ ಒಂದು ಬಾಣದ ಗುರುತಿನಿಂದ ಒಂದು ಮನೆಯಲ್ಲಿ ಮೂರು ವಾರ ಕಳೆದುಹೋಗಿತ್ತು.

ತಪ್ಪು ಎಲ್ಲಿತ್ತು?

ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಸ್ನಾಯುಗಳು ಸೆಡೆತುಕೊಳ್ಳುತ್ತವೆ ಎಂಬುದು ನಿಜ. ಆದರೆ ‘ಕೊರತೆಯಿಂದ ಸೆಳೆತ ಬರಬಹುದು’ ಎಂಬುದನ್ನು ನಾನು ‘ಸೆಳೆತ ಬಂದರೆ ಕೊರತೆಯಿದೆ’ ಎಂದು ತಿರುಗಿಸಿಬಿಟ್ಟಿದ್ದೆ. ಮಳೆ ಬಂದರೆ ರಸ್ತೆ ಒದ್ದೆಯಾಗುತ್ತದೆ; ರಸ್ತೆ ಒದ್ದೆಯಾಗಿದ್ದರೆ ಮಳೆಯೇ ಬಂದಿರಬೇಕೆಂದಿಲ್ಲ, ನೀರಿನ ಟ್ಯಾಂಕರ್ ಸೋರಿರಬಹುದು. ಬೆಂಗಳೂರಿನ ಮಕ್ಕಳಿಗೆ ಈ ಉದಾಹರಣೆ ಚೆನ್ನಾಗಿ ಹಿಡಿಯುತ್ತದೆ.

ಎರಡನೆಯ ಪಾಠಕ್ಕೆ ಸಿದ್ಧವಾಗುವಾಗ ನನಗೇ ಗೊತ್ತಿಲ್ಲದ ಎಷ್ಟೋ ವಿಷಯಗಳನ್ನು ಓದಿಕೊಳ್ಳಬೇಕಾಯಿತು. ಅದರ ಸಾರ ಹೀಗಿದೆ.

ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ

ನರದ ಸಂಕೇತ ಬಂದಾಗ ಸ್ನಾಯುಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಅಯಾನುಗಳು ಬಿಡುಗಡೆಯಾಗುತ್ತವೆ; ಆಕ್ಟಿನ್ ಮತ್ತು ಮಯೋಸಿನ್ ಎಳೆಗಳು ಒಂದರ ಮೇಲೊಂದು ಜಾರಿ ಸ್ನಾಯು ಸಂಕುಚಿಸುತ್ತದೆ. ಕ್ಯಾಲ್ಸಿಯಂ ಮರಳಿ ಸಂಗ್ರಹಕ್ಕೆ ಸೇರಿದಾಗ ಸ್ನಾಯು ಸಡಿಲಗೊಳ್ಳುತ್ತದೆ. ಹೀಗೆ ಮರಳಿ ಸೇರಿಸುವುದಕ್ಕೂ ಎಟಿಪಿಯ ಶಕ್ತಿ ಬೇಕು.

ಇಷ್ಟು ಹೇಳಿದ ಕೂಡಲೇ ಜಾಣ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಯೊಂದಿದೆ. ಸಂಕುಚಿಸಲು ಕ್ಯಾಲ್ಸಿಯಂ ಬೇಕಾದರೆ, ಅದು ಕಡಿಮೆಯಾದಾಗ ಸ್ನಾಯು ಸಡಿಲವಾಗಬೇಕಲ್ಲವೇ, ಸೆಡೆತುಕೊಳ್ಳುವುದೇಕೆ? ಉತ್ತರ ಸ್ನಾಯುವಿನಲ್ಲಿಲ್ಲ, ನರದಲ್ಲಿದೆ. ನರಕೋಶದ ಪೊರೆಯಲ್ಲಿ ಸೋಡಿಯಂ ಒಳನುಗ್ಗುವ ಬಾಗಿಲುಗಳಿವೆ. ಹೊರಗಿನ ದ್ರವದಲ್ಲಿರುವ ಕ್ಯಾಲ್ಸಿಯಂ ಆ ಬಾಗಿಲುಗಳಿಗೆ ಚಿಲಕದಂತೆ. ಅದು ಕಡಿಮೆಯಾದರೆ ಚಿಲಕ ಸಡಿಲವಾಗಿ, ಸಣ್ಣ ಗಾಳಿಗೂ ಬಾಗಿಲು ತೆರೆದುಕೊಳ್ಳುತ್ತದೆ. ನರಗಳು ಕಾರಣವಿಲ್ಲದೆ ಸಂಕೇತ ಕಳಿಸತೊಡಗುತ್ತವೆ. ಸ್ನಾಯುಕೋಶದ ಒಳಗಿನ ಸಂಗ್ರಹ ಬೇರೆಯೇ ಆದ್ದರಿಂದ ಅದು ಆ ಸಂಕೇತಕ್ಕೆ ಓಗೊಟ್ಟು ಸಂಕುಚಿಸುತ್ತದೆ. ಈ ಸ್ಥಿತಿಗೆ ಟೆಟನಿ ಎಂದು ಹೆಸರು. ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮ್ಮೆನ್ನುವುದು, ಕೈಬೆರಳುಗಳು ಒಟ್ಟುಗೂಡಿ ಮಣಿಕಟ್ಟು ಬಾಗುವುದು ಇದರ ಲಕ್ಷಣ. ತೋಳಿಗೆ ರಕ್ತದೊತ್ತಡದ ಪಟ್ಟಿ ಬಿಗಿದು ಕೆಲವು ನಿಮಿಷ ಬಿಟ್ಟರೆ ಕೈ ಹೀಗೆ ಬಾಗುವುದನ್ನು 19ನೆಯ ಶತಮಾನದ ಫ್ರೆಂಚ್ ವೈದ್ಯ ಆರ್ಮಾಂಡ್ ಟ್ರೂಸೋ ಗುರುತಿಸಿದ. ಇಂದಿಗೂ ವೈದ್ಯರು ಅದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ.

ಹಾಗಾದರೆ ಹಾಲು ಕುಡಿಯದ ಪ್ರತಿಯೊಬ್ಬರಿಗೂ ಟೆಟನಿ ಏಕೆ ಬರುವುದಿಲ್ಲ? ದೇಹದ ಕ್ಯಾಲ್ಸಿಯಂನಲ್ಲಿ ಸುಮಾರು ಶೇ. 99 ಮೂಳೆ ಮತ್ತು ಹಲ್ಲುಗಳಲ್ಲಿದೆ. ರಕ್ತದಲ್ಲಿ ಅದು ಸ್ವಲ್ಪ ಇಳಿದರೂ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು ಮೂಳೆಯಿಂದ ತೆಗೆದು ರಕ್ತಕ್ಕೆ ತುಂಬುತ್ತದೆ. ಮೂಳೆ ಉಳಿತಾಯ ಖಾತೆ, ರಕ್ತ ಕೈಖರ್ಚು ಎಂದು ಮಕ್ಕಳಿಗೆ ಹೇಳಿದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಮೊದಲು ಕರಗುವುದು ಉಳಿತಾಯ. ಕೈಖರ್ಚು ಬಹುಕಾಲ ಹಾಗೇ ನಡೆಯುತ್ತದೆ. ಅದೂ ನಿಲ್ಲುವುದು ಪ್ಯಾರಾಥೈರಾಯ್ಡ್ ಗ್ರಂಥಿ ಕೆಲಸ ಮಾಡದಾಗ (ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರ ಹೀಗಾಗುವುದುಂಟು), ಮೂತ್ರಪಿಂಡ ಸೋತಾಗ, ಅಥವಾ ವಿಟಮಿನ್ ಡಿ ತೀವ್ರವಾಗಿ ಕಡಿಮೆಯಾದಾಗ. ಕರುಳು ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹೀರಿಕೊಳ್ಳಲು ವಿಟಮಿನ್ ಡಿ ಬೇಕು. ಅದನ್ನು ಚರ್ಮವೇ ಬಿಸಿಲಿನಲ್ಲಿ ತಯಾರಿಸುತ್ತದೆ. ಆದರೆ ನಸುಕಿನಿಂದ ಸಂಜೆಯವರೆಗೆ ಅಡುಗೆಮನೆಗಳಲ್ಲೋ ಕಚೇರಿಗಳಲ್ಲೋ ಇರುವವರಿಗೆ, ಊರಿನಲ್ಲಿ ಎಷ್ಟೇ ಬಿಸಿಲಿದ್ದರೂ ಪ್ರಯೋಜನವಿಲ್ಲ. ತಾಯಿಗೆ ವಿಟಮಿನ್ ಡಿ ಕೊರತೆಯಿದ್ದರೆ ಹಸುಗೂಸಿಗೂ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರಬಹುದು.

ಇದರಿಂದ ರಾಗಿ, ಹಾಲುಗಳ ಮಹತ್ವ ಕಡಿಮೆಯಾಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 10. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಮಕ್ಕಳಿಗೆ ಸಿಗುವ 150 ಮಿ.ಲೀ. ಹಾಲಿನಲ್ಲಿ ಸುಮಾರು 180 ಮಿ.ಗ್ರಾಂ. ಇವು ಬೇಕಾಗಿರುವುದು ಮುಖ್ಯವಾಗಿ ಬೆಳೆಯುವ ಮೂಳೆಗಳಿಗೆ. ‘ಕಾಲುಸೆಳೆತಕ್ಕೆ ಔಷಧಿ’ ಎಂದು ಅವುಗಳನ್ನು ಕಲಿಸುವುದು ತಪ್ಪು.

ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ, ಬಿ12

ಮೆಗ್ನೀಸಿಯಂ ತೀವ್ರವಾಗಿ ಇಳಿದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಕ್ಯಾಲ್ಸಿಯಂ ಕೂಡ ಇಳಿಯುತ್ತದೆ. ಇಂಥವರಿಗೆ ಕ್ಯಾಲ್ಸಿಯಂ ಎಷ್ಟು ಕೊಟ್ಟರೂ ಮೆಗ್ನೀಸಿಯಂ ಸರಿಪಡಿಸುವವರೆಗೆ ಅದು ನಿಲ್ಲುವುದಿಲ್ಲ. ಪೊಟ್ಯಾಸಿಯಂ ಇಳಿದರೆ ಸೆಳೆತದ ಜೊತೆಗೆ ಬಲಹೀನತೆ ಎದ್ದು ಕಾಣುತ್ತದೆ. ವಾಂತಿ, ಭೇದಿ, ಮೂತ್ರ ಹೆಚ್ಚಿಸುವ ಮಾತ್ರೆಗಳು ಇದಕ್ಕೆ ಸಾಮಾನ್ಯ ಕಾರಣ. ಆ ಹುಡುಗಿ ಹೇಳಿದ ‘ಕಾಲಲ್ಲಿ ಶಕ್ತಿನೇ ಇಲ್ಲ’ ಎಂಬ ಮಾತಿನಲ್ಲಿಯೇ ಸುಳಿವಿತ್ತು.

ಸೋಡಿಯಂನ ಕಥೆ ಗಣಿಗಳಿಂದ ಬಂದದ್ದು. ಬಿಸಿಯಲ್ಲಿ ಬೆವರು ಸುರಿಸಿ ದುಡಿದು, ಬರೀ ನೀರು ಕುಡಿದ ಕಾರ್ಮಿಕರಿಗೆ ಕೈಕಾಲು, ಹೊಟ್ಟೆಯ ಸ್ನಾಯುಗಳು ಹಿಡಿದುಕೊಳ್ಳುವುದನ್ನು 1920ರ ದಶಕದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಅಧ್ಯಯನ ಮಾಡಿದರು. ನೀರಿಗೆ ಉಪ್ಪು ಬೆರೆಸಿ ಕೊಟ್ಟಾಗ ಸೆಳೆತ ಕಡಿಮೆಯಾಯಿತು. ನಮ್ಮ ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಅಷ್ಟು ಆಳದಲ್ಲಿ ಬಂಡೆಯೇ ಬಿಸಿ. ಕಾರ್ಮಿಕರು ಅಲ್ಲಿ ಕುಸಿದು ಬೀಳುತ್ತಿದ್ದುದರ ಬಗ್ಗೆ 1940ರ ದಶಕದಲ್ಲಿ ವೈದ್ಯಕೀಯ ಅಧ್ಯಯನಗಳು ನಡೆದವು. ಕೋಲಾರದ ಕಡೆಯ ಮಕ್ಕಳಿರುವ ತರಗತಿಯಲ್ಲಿ ಈ ಉದಾಹರಣೆಯನ್ನು ಬಳಸಬಹುದು.

ವಿಟಮಿನ್ ಬಿ12 ಸಸ್ಯಾಹಾರದಲ್ಲಿ ಹಾಲು, ಮೊಸರು ಬಿಟ್ಟರೆ ಬಹುತೇಕ ಇಲ್ಲ. ಇದರ ಕೊರತೆಯಲ್ಲಿ ನರಗಳು ಹಾಳಾಗಿ ಪಾದ ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಮುಖ್ಯ ಲಕ್ಷಣ. ಜನ ಇದನ್ನೂ ‘ಕಾಲು ಹಿಡಿಯುವುದು’ ಎನ್ನುತ್ತಾರೆ. ಆದ್ದರಿಂದ ‘ಹಿಡಿಯುವುದು ಎಂದರೆ ನೋವೋ, ಜೋಮೋ, ಬಲಹೀನತೆಯೋ?’ ಎಂದು ಕೇಳುವುದೇ ಮೊದಲ ಹೆಜ್ಜೆ.

ಕೊರತೆಯೇ ಇಲ್ಲದ ಸೆಳೆತ

ನನಗೆ ಅತ್ಯಂತ ಆಶ್ಚರ್ಯ ತಂದದ್ದು ಇದು. ಹೆಚ್ಚಿನ ಕಾಲುಸೆಳೆತಗಳಲ್ಲಿ ಯಾವ ಕೊರತೆಯೂ ಸಿಗುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ದೂರದ ಓಟಗಾರರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೆಳೆತ ಬಂದವರ ಮತ್ತು ಬಾರದವರ ರಕ್ತದ ಲವಣಗಳಲ್ಲಿ ಸೆಳೆತವನ್ನು ವಿವರಿಸುವಷ್ಟು ವ್ಯತ್ಯಾಸ ಕಾಣಲಿಲ್ಲ. ದಣಿದ ಸ್ನಾಯುವಿನ ಮೇಲೆ ನರದ ಹತೋಟಿ ತಪ್ಪುವುದೇ ಕಾರಣವಿರಬಹುದೆಂದು ಅವರು ಭಾವಿಸಿದರು. ಮೆಗ್ನೀಸಿಯಂ ಮಾತ್ರೆಗಳ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2020ರ ಕಾಕ್ರೇನ್ ವಿಮರ್ಶೆ, ವಯಸ್ಸಾದವರ ಕಾಲುಸೆಳೆತವನ್ನು ಅವು ತಡೆಯುವ ಸಂಭವ ಕಡಿಮೆ ಎಂದಿತು. ದಿನವಿಡೀ ನಿಂತು ದುಡಿಯುವುದು, ಗರ್ಭಾವಸ್ಥೆ, ವಯಸ್ಸು, ಮಧುಮೇಹ, ಕೆಲವು ಔಷಧಿಗಳು ಇವೂ ಪಟ್ಟಿಯಲ್ಲಿವೆ. ಮೀನಖಂಡ ಹಿಡಿದಾಗ ಮಂಡಿ ನೇರ ಮಾಡಿ ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದರೆ ಸಾಮಾನ್ಯವಾಗಿ ಬಿಡುತ್ತದೆ. ಇದನ್ನು ಎರಡನೆಯ ಪಾಠದಲ್ಲಿ ಮಕ್ಕಳಿಂದ ಮಾಡಿಸಿದೆ.

ಇನ್ನೊಂದು ಎಚ್ಚರಿಕೆ. ಟೆಟನಿ ಬೇರೆ, ಟೆಟನಸ್ ಬೇರೆ. ಟೆಟನಸ್ ಎಂದರೆ ನಮ್ಮ ಧನುರ್ವಾಯು. ಗಾಯದಿಂದ ಒಳಸೇರಿದ ಬ್ಯಾಕ್ಟೀರಿಯದ ವಿಷದಿಂದ ದವಡೆ ಕಚ್ಚಿಕೊಂಡು ದೇಹ ಬಿಲ್ಲಿನಂತೆ ಬಾಗುತ್ತದೆ. ಅದು ಪೌಷ್ಟಿಕಾಂಶದ ಕೊರತೆಯಲ್ಲ, ಲಸಿಕೆಯಿಂದ ತಡೆಯಬಹುದಾದ ರೋಗ. 10 ಮತ್ತು 16ನೆಯ ವಯಸ್ಸಿನಲ್ಲಿ ಟಿಡಿ ಲಸಿಕೆ ಕೊಡುವುದು ಇದಕ್ಕಾಗಿಯೇ.

ತಿದ್ದಿದ ಪಾಠ

ಎರಡನೆಯ ಬಾರಿ ಹಲಗೆಯ ಮೇಲೆ ಬಾಣ ಎಳೆಯಲಿಲ್ಲ. ಮೂರು ಅಂಕಣಗಳನ್ನು ಬರೆದೆ: ‘ಏನು ಕಾರಣವಿರಬಹುದು?’, ‘ತಿಳಿಯಲು ಏನು ಮಾಡಬೇಕು?’, ‘ಯಾರು ಹೇಳಬೇಕು?’ ಮಕ್ಕಳು ಮೊದಲ ಅಂಕಣವನ್ನು ಹತ್ತು ನಿಮಿಷದಲ್ಲಿ ತುಂಬಿದರು. ಎರಡನೆಯದರಲ್ಲಿ ‘ಯಾವ ಮಾತ್ರೆ ತಗೋತಾರೆ ಅಂತ ಕೇಳಬೇಕು’ ಎಂದು ಬರೆಸಿದವಳು ಅದೇ ಎರಡನೆಯ ಬೆಂಚಿನ ಹುಡುಗಿ. ಮೂರನೆಯದರಲ್ಲಿ ‘ಡಾಕ್ಟರ್’ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಕೊನೆಗೆ ನಾನು ಮೊದಲ ದಿನ ಬರೆದಿದ್ದ ಬಾಣವನ್ನು ಮತ್ತೆ ಬರೆದು, “ಇದರಲ್ಲಿ ಮಿಸ್ ಮಾಡಿದ ತಪ್ಪು ಏನು?” ಎಂದು ಕೇಳಿದೆ. ಅದೇ ನನ್ನ ಮೌಲ್ಯಮಾಪನದ ಪ್ರಶ್ನೆಯಾಯಿತು. ಹೆಚ್ಚಿನವರು ಸರಿಯಾಗಿ ಬರೆದರು.

ನಾವು ತರಗತಿಯಲ್ಲಿ ಹೇಳುವ ಮಾತು ಪರೀಕ್ಷೆಯ ಉತ್ತರಪತ್ರಿಕೆಗೆ ಮಾತ್ರ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಅದು ಮನೆಗೂ ಹೋಗುತ್ತದೆ, ಕೆಲವು ಮನೆಗಳಲ್ಲಿ ವೈದ್ಯರ ಮಾತಿಗಿಂತ ಮೊದಲು ತಲುಪುತ್ತದೆ. ಆರೋಗ್ಯಕ್ಕೆ ಸಂಬಂಧಿಸಿದ ಪಾಠಯೋಜನೆ ಬರೆಯುವಾಗ ‘ಆಗುತ್ತದೆ’ ಎಂದು ಬರೆದಲ್ಲೆಲ್ಲ ಒಮ್ಮೆ ನಿಂತು, ಅದು ‘ಆಗಬಹುದು’ ಎಂದಿರಬೇಕೇ ಎಂದು ಕೇಳಿಕೊಳ್ಳಿ. ಗೊತ್ತಿಲ್ಲದ ಪ್ರಶ್ನೆ ಬಂದರೆ “ನಾಳೆ ಓದಿಕೊಂಡು ಬಂದು ಹೇಳುತ್ತೇನೆ” ಎನ್ನುವುದರಿಂದ ವೀಕ್ಷಣಾ ಪುಸ್ತಕದಲ್ಲಿ ಒಂದು ಅಂಕ ಹೋದರೂ ಹೋಗಲಿ.