ದ್ವೀಪದ ಕಥೆ, ಸೀಸೆಯ ಹೆಸರು, ನಮ್ಮ ಅಡಿಕೆ ಚೀಲ



ಐರ್ಲೆಂಡಿನಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ ಈಚೆಗೆ ಚಳ್ಳಕೆರೆಗೆ ಬಂದಾಗ ಒಂದು ವಿಸ್ಕಿ ಸೀಸೆ ತಂದಿದ್ದ. ನಮ್ಮ ಮನೆಯಲ್ಲಿ ಕುಡಿಯುವ ವಾಡಿಕೆಯಿಲ್ಲ. "ಇದು ಸ್ನೇಹಿತರಿಗೆ ಮಾವ, ನೀವು ಡಬ್ಬಿ ಮಾತ್ರ ಓದಿ ನೋಡಿ" ಎಂದ. ಓದಿದೆ. ಮದ್ಯದ ವಿವರ ಎರಡು ಬೆರಳಗಲ. ಉಳಿದ ಜಾಗವೆಲ್ಲ ಒಂದು ಸರೋವರ, ಅದರ ನಡುವಿನ ದ್ವೀಪ, ಅಲ್ಲಿದ್ದ ಹಳೆಯ ಮಠ ಇವುಗಳ ಕಥೆ. ಕಳೆದ ಸಭೆಯಲ್ಲಿ ಸದಸ್ಯರೊಬ್ಬರು, "ನಮ್ಮ ಅಡಿಕೆ ಚೀಲದ ಮೇಲೂ ವೇದಾವತಿಯ ಕಥೆ ಅಚ್ಚು ಹಾಕಿಸಿದರೆ ದರ ಬಾರದೆ?" ಎಂದು ಕೇಳಿದ್ದು ನೆನಪಾಯಿತು. ಅಂದು ನಾನು ಸರಿಯಾಗಿ ಉತ್ತರಿಸಲಿಲ್ಲ. ಈಗ ಬರೆಯುತ್ತಿದ್ದೇನೆ.

ಐರ್ಲೆಂಡಿನ ಸರೋವರಗಳಲ್ಲಿ ಇಂಥ ದ್ವೀಪಗಳು ಹಲವಾರು ಇವೆ. ಷಾನನ್ ನದಿಯ ಲಾಕ್ ಡರ್ಗ್ ಸರೋವರದಲ್ಲಿರುವ ಇನಿಷ್ ಕೆಲ್ಟ್ರಾ ಅವುಗಳಲ್ಲೊಂದು. 7ನೆಯ ಶತಮಾನದ ಸಂತ ಕಾಯ್‌ಮಿನ್ ಹೆಸರಿಗೆ ಸೇರಿದ ಮಠ, ಎತ್ತರದ ದುಂಡು ಗೋಪುರ, ವೈಕಿಂಗ್ ಕಡಲುಗಳ್ಳರ ಲೂಟಿ, ಎಲ್ಲವೂ ಅಲ್ಲಿ ನಡೆದದ್ದೇ. ಆದರೆ ಆ ದೇಶದ ಹಳೆಯ ವಾರ್ಷಿಕ ದಾಖಲೆಗಳಲ್ಲಿ ಈ ಮದ್ಯದ ಮಾತು ಬರುವುದು 1405ರಲ್ಲಿ. ಅದೂ ಒಬ್ಬ ಪಾಳೆಯಗಾರ ಕ್ರಿಸ್‌ಮಸ್ ಹಬ್ಬದಲ್ಲಿ ಮಿತಿಮೀರಿ ಕುಡಿದು ಸತ್ತನೆಂದು! ಸಂತನ ಕಾಲಕ್ಕೂ ಈ ದಾಖಲೆಗೂ ನಡುವೆ ಏಳುನೂರು ವರ್ಷಗಳ ಅಂತರ. ಆ ಅಂತರವನ್ನು ಡಬ್ಬಿಯ ಕಥೆ ಒಂದೇ ಹಾರಿಗೆ ದಾಟಿಬಿಡುತ್ತದೆ.

ಇನ್ನು ಸೀಸೆಯೊಳಗಿನದು. ನಮ್ಮ ಹೆಂಗಸರು ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡುವಂತೆ ಅಲ್ಲಿ ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುತ್ತಾರೆ. ಪುಡಿ ಮಾಡಿ, ಬಿಸಿನೀರಿನಲ್ಲಿ ನೆನೆಸಿ, ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸುತ್ತಾರೆ. ಹೀಗೆ ಬಂದದ್ದನ್ನು ಮರದ ಪೀಪಾಯಿಗಳಲ್ಲಿ ಕನಿಷ್ಠ ಮೂರು ವರ್ಷ ಐರ್ಲೆಂಡ್ ದ್ವೀಪದಲ್ಲೇ ಇಟ್ಟರೆ ಮಾತ್ರ ಅದಕ್ಕೆ 'ಐರಿಷ್ ವಿಸ್ಕಿ' ಎಂಬ ಹೆಸರು ಸಲ್ಲುತ್ತದೆ. ಇದು ಕಾನೂನು. ಮಠದ ಕಥೆಗೆ ಅಂಥ ಕಾನೂನೇನೂ ಇಲ್ಲ.

ಕಥೆಗೆ ಇಷ್ಟು ಬೆಲೆ ಬರಲು ಒಂದು ಕಾರಣವಿದೆ. 19ನೆಯ ಶತಮಾನದಲ್ಲಿ ಜಗತ್ತಿಗೇ ಹೆಸರಾಗಿದ್ದ ಐರಿಷ್ ವಿಸ್ಕಿ, 1920ರಿಂದ 1933ರವರೆಗಿನ ಅಮೆರಿಕದ ಪಾನನಿಷೇಧ ಹಾಗೂ ಇಂಗ್ಲೆಂಡಿನೊಡನೆ ನಡೆದ ವ್ಯಾಪಾರ ಜಗಳದಿಂದ ಸೊರಗಿತು. 1970ರ ದಶಕದ ನಡುವಿನ ಹೊತ್ತಿಗೆ ಉಳಿದವು ಎರಡೇ ಭಟ್ಟಿಗಳು. ಈಚಿನ ವರ್ಷಗಳಲ್ಲಿ ಮತ್ತೆ 40ರ ಆಸುಪಾಸಿಗೆ ಏರಿವೆ. ಹೊಸ ಭಟ್ಟಿಯವನ ಮೊದಲ ಪೀಪಾಯಿ ಪಕ್ವವಾಗಲು ಮೂರು ವರ್ಷ ಬೇಕು. ಬ್ಯಾಂಕಿನ ಬಡ್ಡಿ ಕಾಯುವುದಿಲ್ಲ. ಆದ್ದರಿಂದ ಎಷ್ಟೋ ಮಂದಿ ದೊಡ್ಡ ಭಟ್ಟಿಗಳಿಂದ ಹಳೆಯ ಮಾಲು ಕೊಂಡು, ತಮ್ಮೂರಿನ ದ್ವೀಪದ ಹೆಸರಿನಲ್ಲಿ ಸೀಸೆಗೆ ತುಂಬಿ ಮಾರುತ್ತಾರೆ. ಮಾಲು ಐರ್ಲೆಂಡಿನದೇ ಆದ್ದರಿಂದ ತಪ್ಪಲ್ಲ. ಆದರೆ ಕಥೆ ಒಂದೂರಿನದು, ಮದ್ಯ ಇನ್ನೊಂದೂರಿನದು.

ನಮ್ಮ ರಾಜ್ಯದ ಉದಾಹರಣೆಯೂ ಉಂಟು. 'ವಿಸ್ಕಿ' ಎಂಬುದು ಐರಿಷ್ ಭಾಷೆಯ 'ಇಷ್ಕ ಬಾಹ', ಅಂದರೆ ಜೀವಜಲ ಎಂಬುದರಿಂದ ಬಂದ ಪದ. ಜೆ.ಎನ್. ರಾಧಾಕೃಷ್ಣ ಜಗದಾಳೆಯವರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಂಪನಿಯ ಹೆಸರು ಅಮೃತ್. (ನಮ್ಮ ಅಮೃತಮಹಲ್ ಕಾವಲುಗಳಿಗೂ ಇದಕ್ಕೂ ಏನೂ ಸಂಬಂಧವಿಲ್ಲವೆನ್ನಿ.) ನಮ್ಮ ದೇಶದ ಅಗ್ಗದ ವಿಸ್ಕಿಯಲ್ಲಿ ಬಹುಪಾಲು ಕಾಕಂಬಿಯ ಮದ್ಯಸಾರವೇ ಇರುತ್ತದೆ. ಇವರು ಮೊಳಕೆ ಬಾರ್ಲಿಯೊಂದರಿಂದಲೇ ತಯಾರಿಸಿ, 2004ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲೇ ಮಾರಾಟಕ್ಕಿಟ್ಟರು. ಕಮ್ಮಾರನ ಬೀದಿಯಲ್ಲಿ ಸೂಜಿ ಮಾರಿದ ಹಾಗೆ! ಬೆಂಗಳೂರಿನ ಬಿಸಿಲಿಗೆ ಪೀಪಾಯಿಯಿಂದ ವರ್ಷಕ್ಕೆ ಶೇಕಡ 10ರಿಂದ 12ರಷ್ಟು ಆವಿಯಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಶೇಕಡ 2 ಮಾತ್ರ. ನಷ್ಟವೇನೋ ಹೌದು, ಆದರೆ ಅದೇ ಬಿಸಿಲಿಗೆ ಮದ್ಯ ಬೇಗ ಪಕ್ವವಾಗುತ್ತದೆ. 2010ರ ಸಾಲಿನ ತಮ್ಮ 'ವಿಸ್ಕಿ ಬೈಬಲ್' ಕೈಪಿಡಿಯಲ್ಲಿ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟರು. ಸಮುದ್ರ ಮಥನದ ಕಥೆಯಿಂದ ಇದು ಸಿಕ್ಕಿತೆಂದು ನಾನು ನಂಬುವುದಿಲ್ಲ. ಬೆಂಗಳೂರಿನ ಹವೆ ಆ ಮದ್ಯದೊಳಗೇ ಸೇರಿದೆ.

ಈಗ ನಮ್ಮ ಚೀಲಕ್ಕೆ ಬರೋಣ. ಕಥೆಗೆ ನಮ್ಮಲ್ಲಿ ಬರವಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ವೇದಾವತಿಗೆ ಕಟ್ಟಿದ ಮಾರಿಕಣಿವೆ ಜಲಾಶಯ 1933ರಲ್ಲಿ ತುಂಬಿದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇದನ್ನೆಲ್ಲ ಅಚ್ಚು ಹಾಕಿಸಬಹುದು. ಆದರೆ ನಾಳೆ ಬೇರೆ ಜಿಲ್ಲೆಯ ವ್ಯಾಪಾರಿಯೊಬ್ಬ ಅದೇ ಕಥೆ ಅಚ್ಚು ಹಾಕಿಸಿದರೆ ತಡೆಯುವವರು ಯಾರು?

ತಡೆಯುವ ಬಲವಿರುವುದು ಭೌಗೋಳಿಕ ಗುರುತಿಗೆ. ಅದರ ಕಾಯಿದೆ 1999ರದು, ಜಾರಿಗೆ ಬಂದದ್ದು 2003ರಲ್ಲಿ. ಮೊಳಕಾಲ್ಮೂರು ಸೀರೆಗೆ ಈ ಗುರುತು 2011ರಲ್ಲಿ ಸಿಕ್ಕಿತು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಕಾಫಿ ಮಂಡಳಿಯ ಮೂಲಕ ದೊರೆಯಿತು. ಅದೇ ವರ್ಷ ಶಿರಸಿ ಸುಪಾರಿಗೂ ಬಂತು. ಅದಕ್ಕೆ ಅರ್ಜಿ ಹಾಕಿದ್ದು ನಮ್ಮಂಥದೇ ಒಂದು ಸಹಕಾರಿ ಸಂಸ್ಥೆ, ಶಿರಸಿಯ ತೋಟಗಾರರ ಸೇಲ್ ಸೊಸೈಟಿ. ಗುರುತು ಸಿಕ್ಕಿದರೆ ಕೆಲಸ ಮುಗಿಯಿತೆಂದಲ್ಲ. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು, ಆ ಹೆಸರಿನಲ್ಲಿ ಮಾರುವ ಬೆಳೆಗಾರ ತಾನೂ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಳ್ಳಬೇಕು. ಈ ಪತ್ರಿಕೆ ಓದುವ ಕಾಫಿ ಬೆಳೆಗಾರರಲ್ಲಿ ಎಷ್ಟು ಜನ ಹಾಗೆ ನೋಂದಾಯಿಸಿದ್ದೀರೋ ನೀವೇ ಹೇಳಬೇಕು. ಇನ್ನೊಬ್ಬರ ಗುರುತನ್ನು ಸುಳ್ಳಾಗಿ ಬಳಸಿದರೆ ಜೈಲು, ದಂಡ ಎರಡೂ ಉಂಟು.

ಹಾಗಾದರೆ ನಮ್ಮ ಅಡಿಕೆಗೂ ಅರ್ಜಿ ಹಾಕೋಣವೇ? ಬೇಸರ ಪಡಬೇಡಿ, ಈಗಲೇ ಹಾಕಿದರೆ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಹೆಚ್ಚಿನ ತೋಟಗಳು ಶೇಂಗಾ ಹೊಲದಲ್ಲಿ ಕೊಳವೆ ಬಾವಿ ಕೊರೆಸಿ ಎಬ್ಬಿಸಿದವು. ನನ್ನದೂ ಹಾಗೆಯೇ, ಸಸಿ ಬಂದದ್ದು ಹೊರಗಿನಿಂದ. ಈ ನೆಲದ ಗುಣ ಅಡಿಕೆಯಲ್ಲಿ ಏನು ಬೇರೆ ಮಾಡಿದೆ ಎಂದು ಕೇಳಿದರೆ ತೋರಿಸಲು ನಮ್ಮ ಕೈಯಲ್ಲಿ ಕಾಗದವಿಲ್ಲ. ಒಮ್ಮೆ ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ನನ್ನದೇ ಮಾಲು ಬೇರೆ ಊರಿನ ಹೆಸರಿನ ಚೀಲಕ್ಕೆ ಬೀಳುತ್ತಿದ್ದುದನ್ನು ನೋಡಿ ಹೊಟ್ಟೆ ಉರಿದಿತ್ತು. "ನಿಮ್ಮೂರ ಅಡಿಕೆ ಇದೇ ಎಂದು ಹೇಗೆ ಹೇಳ್ತೀರಿ, ಸಾಹುಕಾರ್ರೆ?" ಎಂದು ಅವನು ಕೇಳಿದ. ಉತ್ತರ ಹೊಳೆಯಲಿಲ್ಲ.

ಆದಕಾರಣ ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬ ಸದಸ್ಯರೂ ತಮ್ಮ ಸಸಿ ಎಲ್ಲಿಂದ ತಂದದ್ದು, ಯಾವ ವರ್ಷ ನೆಟ್ಟದ್ದು, ಮಣ್ಣು ಕೆಂಪೋ ಕಪ್ಪೋ, ನೀರಿನ ಮೂಲ ಯಾವುದು, ಬೇಯಿಸಿ ಒಣಗಿಸುವ ಕ್ರಮ ಹೇಗೆ ಎಂಬುದನ್ನು ಬರೆದು ತರಬೇಕು. ಬರೆದುಕೊಳ್ಳಲು ಕಚೇರಿಯಲ್ಲಿ ಒಂದು ವಹಿ ತೆರೆದಿದ್ದೇನೆ. ಚೀಲದ ಅಚ್ಚಿಗೂ ದರಪಟ್ಟಿ ತರಿಸಿದ್ದೇನೆ. ಅದನ್ನೂ ಅಂದೇ ಸಭೆಯ ಮುಂದಿಡುತ್ತೇನೆ.